ಹುದ್ದೆಯ ಎಣಿಕೆ, ಬೋಧಕರ ಎಣಿಕೆ

ವಿಶ್ವವಿದ್ಯಾಲಯವೊಂದರ ಬೋಧಕರು ಎಷ್ಟು ಮಂದಿ ಎಂಬ ಪ್ರಶ್ನೆಗೆ ಕಚೇರಿಯ ಕಡತ ಕೊಡುವ ಉತ್ತರ ಒಂದು, ತರಗತಿಯ ವೇಳಾಪಟ್ಟಿ ಕೊಡುವ ಉತ್ತರ ಇನ್ನೊಂದು. ಈ ಅಂತರವನ್ನು ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಪದವಿ ಕಾಲೇಜುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದೇ ಈ ವಿಚಾರ ಸಂಕಿರಣದ ಆಶಯ. 1987ರಲ್ಲಿ ಸ್ಥಾಪನೆಯಾದ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯವು ಈ ಕಾಲೇಜುಗಳಿಗೆ ಪಠ್ಯಕ್ರಮ, ಪರೀಕ್ಷೆ, ಪದವಿಗಳನ್ನು ಒದಗಿಸುತ್ತದೆ. ಆದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬೋಧಕರಿಗೆ ವೇತನ ಕೊಡುವುದು ಕಾಲೇಜು ಶಿಕ್ಷಣ ಇಲಾಖೆಯಾದ್ದರಿಂದ, ಆ ವಿದ್ಯಾರ್ಥಿಗಳಿಗೆ ನಿಜವಾಗಿ ಪಾಠ ಹೇಳುವವರು ವಿಶ್ವವಿದ್ಯಾಲಯದ ಸ್ವಂತ ಬೋಧಕವರ್ಗದ ಲೆಕ್ಕದಿಂದ ಹೊರಗುಳಿಯುತ್ತಾರೆ.

ಹೊರಗುಳಿಯುವವರಲ್ಲಿ ಅತಿಥಿ ಉಪನ್ಯಾಸಕರ ಸ್ಥಿತಿ ಎಲ್ಲಕ್ಕಿಂತ ಅನ್ಯಾಯದ್ದು. ಮಂಜೂರಾದ ಹುದ್ದೆಯನ್ನೇ ಎಣಿಕೆಯ ಘಟಕವಾಗಿಸಿದರೆ ಅವರು ಎಲ್ಲಿಯೂ ಇಲ್ಲ. ತಲೆಯನ್ನು ಎಣಿಸಿದರೆ, ಎರಡು ಕಾಲೇಜುಗಳಲ್ಲಿ ಪಾಠ ಮಾಡುವವರು ಎರಡು ಬಾರಿ ಬರುತ್ತಾರೆ. ರಜೆಯ ದಿನವನ್ನು ಎಣಿಕೆಯ ದಿನವಾಗಿಸಿದರೆ ಮತ್ತೆ ಮಾಯವಾಗುತ್ತಾರೆ. ಇದಕ್ಕೆ ಪರಿಹಾರವಾಗಿ ಬಳಸಬಹುದಾದದ್ದು ಪೂರ್ಣಾವಧಿ ಸಮಾನ ಎಣಿಕೆ, ಅಂದರೆ ಒಬ್ಬರು ವಾರಕ್ಕೆ ಬೋಧಿಸುವ ಗಂಟೆಗಳನ್ನು ಪೂರ್ಣಾವಧಿ ಬೋಧಕರ ನಿಗದಿತ ಗಂಟೆಗಳಿಂದ ಭಾಗಿಸುವ ಕ್ರಮ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ಬೋಧನೆಯಿದೆ. 2022ರಲ್ಲಿ ರಾಜ್ಯ ಸರ್ಕಾರ ಅತಿಥಿ ಉಪನ್ಯಾಸಕರ ಕಾರ್ಯಭಾರವನ್ನು 15 ಗಂಟೆಗಳಿಗೆ ಏರಿಸಿದಾಗ ಅಷ್ಟೇ ಪಾಠಕ್ಕೆ ಕಡಿಮೆ ಜನ ಸಾಕಾದರು. ತಲೆಯೆಣಿಕೆಯನ್ನಷ್ಟೇ ನೋಡುವವರಿಗೆ ಇದು ಬೋಧನೆಯ ಕುಸಿತವಾಗಿ ಕಂಡರೆ, ಗಂಟೆಗಳನ್ನು ನೋಡುವವರಿಗೆ ಕೆಲಸ ಕಳೆದುಕೊಂಡವರ ಮತ್ತು ಹೊರೆ ಹೆಚ್ಚಿದವರ ಕಥೆಯಾಗಿ ಕಾಣುತ್ತದೆ. ಆದ್ದರಿಂದ ಎರಡೂ ಎಣಿಕೆಗಳು ಜೊತೆಜೊತೆಯಾಗಿಯೇ ಇರಬೇಕು.

ಸಾಮಾಜಿಕ ವರ್ಗಗಳ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯು 2021-22ರಲ್ಲಿ ದೇಶದ ಬೋಧಕರ ಸಂಖ್ಯೆಯನ್ನು ಸುಮಾರು 15.98 ಲಕ್ಷವೆಂದೂ ಅವರಲ್ಲಿ ಮಹಿಳೆಯರು ಶೇ 43ರಷ್ಟೆಂದೂ ತಿಳಿಸುತ್ತದೆ. ಅದರ ನಮೂನೆಯಲ್ಲಿ ಹಿಂದುಳಿದ ವರ್ಗಗಳಿಗೆ ಇರುವುದು ಒಂದೇ ಕಾಲಂ. ಕರ್ನಾಟಕದಲ್ಲಿರುವುದು ಪ್ರವರ್ಗ 1, 2ಎ, 2ಬಿ, 3ಎ, 3ಬಿ ಎಂಬ ಐದು. ಈ ತಾಲ್ಲೂಕುಗಳ ಗೊಲ್ಲರಹಟ್ಟಿಯಿಂದ ಬಂದ, ಪ್ರವರ್ಗ 1ರ ಉಪನ್ಯಾಸಕಿಯೂ ಪ್ರವರ್ಗ 3ರ ಭೂಮಾಲೀಕ ಮನೆತನದ ಪ್ರಾಧ್ಯಾಪಕರೂ ಸಮೀಕ್ಷೆಯ ನಮೂನೆಯಲ್ಲಿ ಒಂದೇ ಅಂಕಿಯೊಳಗೆ ಕರಗಿಹೋಗಬಹುದು. ಪ್ರವರ್ಗ 3ರ ಕೆಲವು ಸಮುದಾಯಗಳು ಕೇಂದ್ರದ ಪಟ್ಟಿಯಲ್ಲಿಲ್ಲದ್ದರಿಂದ ಒಬ್ಬರೇ ವ್ಯಕ್ತಿ ಒಂದು ಕಡತದಲ್ಲಿ ಹಿಂದುಳಿದವರು, ಮತ್ತೊಂದರಲ್ಲಿ ಸಾಮಾನ್ಯರು. ರಾಜ್ಯದ ಪ್ರವರ್ಗಗಳನ್ನು ಮೂಲ ದಾಖಲೆಯಲ್ಲಿ ಉಳಿಸಿಕೊಂಡು, ರಾಷ್ಟ್ರೀಯ ನಮೂನೆಗೆ ಬೇಕಾದಾಗ ಮಾತ್ರ ಕೂಡಿಸಿ ಕೊಡುವುದು ಸರಿಯಾದ ಕ್ರಮ. ಒಮ್ಮೆ ಕೂಡಿಸಿಟ್ಟದ್ದನ್ನು ಮತ್ತೆ ಬಿಡಿಸಲಾಗದು.

ಇಂಥ ಎಣಿಕೆ ಈ ನೆಲಕ್ಕೆ ಹೊಸದಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆಯೆಂಬ ಹೆಸರಿದ್ದ ಕಾಲದಲ್ಲಿ, 1918ರಲ್ಲಿ ಮೈಸೂರು ಸಂಸ್ಥಾನ ನೇಮಿಸಿದ ಮಿಲ್ಲರ್ ಸಮಿತಿ ಸರ್ಕಾರಿ ಸೇವೆಯಲ್ಲಿ ಯಾವ ಸಮುದಾಯದವರು ಎಷ್ಟಿದ್ದಾರೆಂದು ಪರಿಶೀಲಿಸಿ, ಏಳು ವರ್ಷಗಳಲ್ಲಿ ಮೇಲಿನ ಹುದ್ದೆಗಳ ಅರ್ಧಕ್ಕೆ ಕಡಿಮೆಯಾಗದ ಪಾಲು ಹಿಂದುಳಿದ ಸಮುದಾಯಗಳಿಗೆ ಸಿಗಬೇಕೆಂದು ಶಿಫಾರಸು ಮಾಡಿತು. ಅಂಕಿಗಳಿಲ್ಲದೆ ಆ ವಾದ ನಿಲ್ಲುತ್ತಿರಲಿಲ್ಲ.

ಬೋಧಕರ ಎಣಿಕೆಯ ಕ್ರಮವನ್ನು ಹೀಗೆ ಪರಿಷ್ಕರಿಸುವಾಗ ಎರಡು ಎಚ್ಚರಗಳು ಅಗತ್ಯ. ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಬಳಿಕ ತರೀಕೆರೆಯ ಹಳೆಯ ಮತ್ತು ಹೊಸ ಅಂಕಿಗಳನ್ನು ನೇರವಾಗಿ ಹೋಲಿಸುವಂತಿಲ್ಲ. ಕಾಲೇಜುವಾರು ದಾಖಲೆ ಇದ್ದರಷ್ಟೇ ಹಿಂದಿನ ಸರಣಿಯನ್ನು ಮರಳಿ ಕಟ್ಟಬಹುದು. ಎರಡನೆಯದು ಗೋಪ್ಯತೆಯದು. ಒಂದು ವಿಭಾಗಕ್ಕೆ ಒಬ್ಬರೇ ಬೋಧಕರಿರುವ ಸಣ್ಣ ಕಾಲೇಜಿನಲ್ಲಿ ಜಾತಿ, ಲಿಂಗ, ಅಂಗವೈಕಲ್ಯಗಳ ಕೋಷ್ಟಕವನ್ನು ಪ್ರಕಟಿಸುವುದೆಂದರೆ ಆ ವ್ಯಕ್ತಿಯ ಗುರುತನ್ನೇ ಪ್ರಕಟಿಸಿದಂತೆ. ಹಾಗಾಗಿ ಮೂರೂ ತಾಲ್ಲೂಕುಗಳ ಅಂಕಿಗಳನ್ನು ಕೂಡಿಸಿ ಸಾರ್ವಜನಿಕರ ಮುಂದಿಡಬೇಕು, ಬಿಡಿ ವಿವರವನ್ನು ನೇಮಕಾತಿಯ ಹೊಣೆ ಹೊತ್ತವರಿಗಷ್ಟೇ ಒದಗಿಸಬೇಕು, ಮತ್ತು ತಮ್ಮ ಬಗ್ಗೆ ದಾಖಲಾದದ್ದನ್ನು ನೋಡಿ ತಿದ್ದಿಸುವ ಹಕ್ಕು ಅತಿಥಿ ಉಪನ್ಯಾಸಕರನ್ನೂ ಒಳಗೊಂಡು ಪ್ರತಿಯೊಬ್ಬ ಬೋಧಕರಿಗೂ ಇರಬೇಕು.