ನಾಲ್ಕು ಕೋಟಿ ಅಂಕಿಯ ಸಂಖ್ಯೆ

ಇವತ್ತು ರಾಜಕೀಯ ಬೇಡ, ಒಂದು ಸಂಖ್ಯೆಯ ಬಗ್ಗೆ ಮಾತಾಡೋಣ. ರಿಮೋಟ್ ಕೆಳಗಿಡಿ, ಎರಡೇ ನಿಮಿಷ.

13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಉತ್ತರದಲ್ಲಿ 1 ಕಳೆಯಿರಿ. ಸಿಗುವ ಸಂಖ್ಯೆಯಲ್ಲಿ 4,10,24,320 ಅಂಕಿಗಳಿವೆ. ಸೆಕೆಂಡಿಗೊಂದು ಅಂಕಿಯಂತೆ, ಊಟ-ನಿದ್ದೆ, ಜಾಹೀರಾತು ವಿರಾಮ ಯಾವುದೂ ಇಲ್ಲದೆ ನಾನು ಇಲ್ಲೇ ಕೂತು ಓದಿದರೂ 475 ದಿನ ಬೇಕು! ಇದು ಅವಿಭಾಜ್ಯ ಸಂಖ್ಯೆ. ಅಂದ್ರೆ 1 ಮತ್ತು ತನ್ನನ್ನು ಬಿಟ್ಟು ಬೇರಾವ ಸಂಖ್ಯೆಯಿಂದಲೂ ಶೇಷವಿಲ್ಲದೆ ಭಾಗವಾಗಲ್ಲ. ಇದುವರೆಗೆ ಸಿಕ್ಕವುಗಳಲ್ಲೇ ಅತಿ ದೊಡ್ಡದು. 2024ರ ಅಕ್ಟೋಬರ್ 21ಕ್ಕೆ ಪ್ರಕಟವಾಯ್ತು. ಹುಡುಕಿದವರು ಅಮೆರಿಕದ ಲೂಕ್ ಡ್ಯುರಾಂಟ್.

ಇದರಿಂದ ನಮ್ಮ ಬ್ಯಾಂಕ್ ಖಾತೆ ಇನ್ನಷ್ಟು ಭದ್ರವಾಗುತ್ತಾ? ಇಲ್ಲ. ಆನ್‌ಲೈನ್ ಭದ್ರತೆಗೆ ಬಳಸುವ ಅವಿಭಾಜ್ಯಗಳು ಕೆಲವು ನೂರು ಅಂಕಿಯವು, ಅವೂ ಗುಟ್ಟಾಗಿರಬೇಕು. ಊರಿಗೆಲ್ಲ ಗೊತ್ತಾದ ಬೀಗದ ಕೈ ಯಾರಿಗೆ ಬೇಕು?

ಸರಿ, ಇಷ್ಟು ದೊಡ್ಡ ಸಂಖ್ಯೆ ಭಾಗವಾಗಲ್ಲ ಅಂತ ಗೊತ್ತಾಗಿದ್ದು ಹೇಗೆ? ಒಂದೊಂದಾಗಿ ಭಾಗಿಸಿ ನೋಡುವ ಮಾತೇ ಇಲ್ಲ. ಈ ಬಗೆಯ ಸಂಖ್ಯೆಗೆಂದೇ ಒಂದು ಪರೀಕ್ಷೆ ಇದೆ, ಲೂಕಾಸ್–ಲೆಹ್ಮರ್ ಪರೀಕ್ಷೆ. ಐದು ಎರಡುಗಳನ್ನು ಗುಣಿಸಿ 1 ಕಳೆದರೆ 31. ಈಗ 4ರಿಂದ ಶುರು ಮಾಡಿ: ವರ್ಗ ಮಾಡಿ 2 ಕಳೆಯಿರಿ, 14. ಮತ್ತೆ ಅದೇ ಮಾಡಿ, 194. ಅದನ್ನು 31ರಿಂದ ಭಾಗಿಸಿದರೆ ಶೇಷ 8. ಆ 8ಕ್ಕೂ ಹಾಗೇ ಮಾಡಿ, 62. ಇದು 31ರ ಎರಡರಷ್ಟು, ಶೇಷ ಸೊನ್ನೆ. ಸೊನ್ನೆ ಬಂತು ಅಂದ್ರೆ ಅವಿಭಾಜ್ಯ, ಮುಗೀತು. ದೊಡ್ಡ ಸಂಖ್ಯೆಗೂ ಇದೇ ಲೆಕ್ಕ, ಆದರೆ 13 ಕೋಟಿಗೂ ಹೆಚ್ಚು ಸಲ.

ಇಷ್ಟೊಂದು ಪರೀಕ್ಷೆ ಯಾಕಪ್ಪಾ ಅಂತೀರಾ? 1644ರಲ್ಲಿ ಮರ್ಸೆನ್ ಅನ್ನೋ ಫ್ರೆಂಚ್ ಪಾದ್ರಿ ಇಂಥ ಅವಿಭಾಜ್ಯಗಳ ಪಟ್ಟಿ ಕೊಟ್ಟರು. ಅದರಲ್ಲಿ 67 ಎರಡುಗಳ ಸಂಖ್ಯೆಯೂ ಇತ್ತು. ಅದು ಅವಿಭಾಜ್ಯವಲ್ಲ ಅಂತ ಲೂಕಾಸ್ ತೋರಿಸುವಷ್ಟರಲ್ಲಿ 1876 ಬಂದಿತ್ತು. ಆಗಲೂ ಅದನ್ನು ಭಾಗಿಸುವ ಸಂಖ್ಯೆ ಯಾವುದು ಅಂತ ಯಾರಿಗೂ ಗೊತ್ತಿರಲಿಲ್ಲ! 1903ರಲ್ಲಿ ಅಮೆರಿಕದ ಫ್ರಾಂಕ್ ಕೋಲ್ ಅದನ್ನು ಒಡೆದು ತೋರಿಸಿದರು: 19,37,07,721 ಗುಣಿಸು 7,61,83,82,57,287. ಗಣಿತ ಸಭೆಯಲ್ಲಿ ಅವರು ತುಟಿ ಬಿಚ್ಚದೆ ಬೋರ್ಡ್ ಮೇಲೆ ಗುಣಾಕಾರ ಮಾಡಿ ಹೋಗಿ ಕೂತರು ಅಂತ ಕಥೆ. ನಮ್ಮ ಚರ್ಚೆಗಳಿಗೆ ಇಂಥ ಅತಿಥಿ ಸಿಗಬೇಕಿತ್ತು.

ಹಾಗಾಗಿ ಈ ಸಲವೂ ಯಾರೂ ಒಂದು ಯಂತ್ರದ ಮಾತು ನಂಬಲಿಲ್ಲ. ಡಬ್ಲಿನ್‌ನ ಕಂಪ್ಯೂಟರ್ ಅಕ್ಟೋಬರ್ 11ಕ್ಕೆ ಸುಳಿವು ಕೊಟ್ಟಿತು, ಮರುದಿನ ಟೆಕ್ಸಾಸ್‌ನ ಇನ್ನೊಂದು ಪರೀಕ್ಷೆ ಮಾಡಿ ಹೌದು ಅಂತು. ಆಮೇಲೆ ಬೇರೆ ಬೇರೆ ಯಂತ್ರ, ಬೇರೆ ಬೇರೆ ಪ್ರೋಗ್ರಾಂಗಳಲ್ಲಿ ಮತ್ತೆ ಮತ್ತೆ ನೋಡಿದ ಮೇಲೇ ಘೋಷಣೆ. ನಮ್ಮಲ್ಲಾಗಿದ್ದರೆ 11ರ ಸಂಜೆಗೇ ಬ್ರೇಕಿಂಗ್ ನ್ಯೂಸ್!

ಈಗಲೂ ಇದನ್ನು ಅವರು 52ನೇ ಮರ್ಸೆನ್ ಅವಿಭಾಜ್ಯ ಅನ್ನಲ್ಲ, ಗೊತ್ತಿರುವವುಗಳಲ್ಲಿ 52ನೆಯದು ಅಂತಾರೆ. ಇದಕ್ಕಿಂತ ಚಿಕ್ಕವನ್ನೆಲ್ಲ ಪರೀಕ್ಷಿಸಿ ಇನ್ನೂ ಮುಗಿದಿಲ್ಲ.