ಗದ್ದಲದ ವಾರದಲ್ಲೊಂದು ಮೌನ

ಕನ್ನಡದಲ್ಲಿ ವಾರದ ಹೆಸರುಗಳು ಗ್ರಹಗಳವು. ಇಂಗ್ಲಿಷಿನಲ್ಲಿ ಹಲವು ಹೆಸರುಗಳು ಹಳೆಯ ದೇವತೆಗಳವು. ಹದಿನೇಳನೆಯ ಶತಮಾನದಲ್ಲಿ ಜಾರ್ಜ್ ಫಾಕ್ಸ್ ಇಂಗ್ಲೆಂಡಿನಲ್ಲಿ ಹುಟ್ಟುಹಾಕಿದ ಕ್ವೇಕರ್ ಪಂಥದವರಿಗೆ ಇದು ಸರಿಬರಲಿಲ್ಲ. ಅವರು ಭಾನುವಾರವನ್ನು ‘ಮೊದಲನೆಯ ದಿನ’ ಎಂದರು, ಸೋಮವಾರವನ್ನು ‘ಎರಡನೆಯ ದಿನ’. ಹೆಸರಿನಲ್ಲೂ ಆಡಂಬರ ಬೇಡವೆಂಬ ಹಟ!

ಈ ಪಂಥದ ವೈದ್ಯ ಜಾನ್ ಫಾದರ್‌ಗಿಲ್ ಮುಂದಾಳುತನದಲ್ಲಿ 1779ರಲ್ಲಿ ಯಾರ್ಕ್‌ಷೈರಿನ ಆಕ್‌ವರ್ತ್‌ನಲ್ಲಿ ಶಾಲೆಯೊಂದು ತೆರೆಯಿತು. ಅನಾಥಾಲಯವೊಂದು ಖಾಲಿ ಮಾಡಿದ್ದ ದೊಡ್ಡ ಕಟ್ಟಡ ಅದು. ಸಿರಿವಂತರಲ್ಲದ ಕ್ವೇಕರರ ಗಂಡುಮಕ್ಕಳ ಜೊತೆಗೆ ಹೆಣ್ಣುಮಕ್ಕಳಿಗೂ ಅಲ್ಲಿ ಪಾಠವಾಯಿತು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಹಳೆಯ ಕ್ವೇಕರರಿಗೆ ಸಂಗೀತ, ನಾಟಕಗಳೆಂದರೆ ಕಾಲಹರಣ. ಇಂದು ಅವರ ಕಿರಿಯ ಶಾಲೆಗಳ ವಾರದಲ್ಲಿ ಪಿಯಾನೊ, ಹಾಡು, ನಾಟಕದ ತಾಲೀಮು, ಆಟೋಟ, ಈಜು, ಎಲ್ಲವೂ ಉಂಟು. ಮಕ್ಕಳಲ್ಲಿ ಬಹುಪಾಲು ಕ್ವೇಕರರೂ ಅಲ್ಲ. ಹಳೆಯದರಲ್ಲಿ ಗಟ್ಟಿಯಾಗಿ ಉಳಿದದ್ದು ಒಂದೇ: ಎಲ್ಲರೂ ಒಟ್ಟಾಗಿ ಕೂರುವ ಮೌನಸಭೆ.

ಅಲ್ಲಿ ಪಾದ್ರಿಯಿಲ್ಲ, ಮೊದಲೇ ಗೊತ್ತುಮಾಡಿದ ಪ್ರಾರ್ಥನೆಯಿಲ್ಲ. ಮಾತು ಒಳಗಿನಿಂದ ಬಂದರೆ ಯಾರು ಬೇಕಾದರೂ, ಪುಟ್ಟ ಮಗು ಕೂಡ, ಎದ್ದು ನುಡಿಯಬಹುದು. ಬಾರದಿದ್ದರೆ ಸುಮ್ಮನಿರಬಹುದು. ಕಾಲು ಅಲ್ಲಾಡುತ್ತದೆ, ಬೆಂಚು ಕಿರುಗುಟ್ಟುತ್ತದೆ, ಯಾರಿಗೋ ನಗು ಉಕ್ಕುತ್ತದೆ. ಏಳು ವರ್ಷದವರನ್ನು ಬೆದರಿಕೆಯಿಲ್ಲದೆ ಸುಮ್ಮನೆ ಕೂರಿಸುವುದು ಮಗ್ಗಿ ಕಲಿಸುವುದಕ್ಕಿಂತ ಕಷ್ಟ. ಮೇಷ್ಟರೂ ಆ ಹೊತ್ತು ಬಾಯಿ ಬಿಗಿಹಿಡಿಯಬೇಕು. ಬಹುಶಃ ಹೆಚ್ಚು ಕಷ್ಟ ಅವರಿಗೇ. ಈ ಪಾಠಕ್ಕೆ ಅಂಕವಿಲ್ಲ. ಮಗು ದೇವರನ್ನು ನೆನೆಯಿತೋ ಮಧ್ಯಾಹ್ನದ ಊಟವನ್ನೋ, ಯಾರೂ ಕೇಳುವುದಿಲ್ಲ.

ಕೊನೆಗೆ ಹಿರಿಯರಿಬ್ಬರು ಕೈಕುಲುಕುತ್ತಾರೆ. ಸಭೆ ಮುಗಿಯಿತು, ಮಕ್ಕಳು ಮುಂದಿನ ತರಗತಿಗೆ ಓಡುತ್ತಾರೆ.