ಕಡಲಾಚೆಯಿಂದ ಬಂದ ಕಾಗದಗಳು

(ಮಾವಳ್ಳಿಯಲ್ಲಿ ಸಂಘದ ಸದಸ್ಯರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಪಾಠ)



ಯುದ್ಧಕ್ಕಾಗಿ ಕಡಲು ದಾಟಿದ ನಮ್ಮ ಸಿಪಾಯಿಗಳು ಮನೆಗೆ ಬರೆದ ಕಾಗದಗಳ ಬಗ್ಗೆ ಇಂದು ಕೆಲವು ಮಾತು ಹೇಳಬೇಕೆಂದಿದ್ದೇನೆ. ವಿದ್ಯಾಸಂಸ್ಥೆಯ ಸಭೆಯಲ್ಲಿ ಯುದ್ಧದ ಮಾತೇಕೆ ಎಂದು ತಮಗೆ ಅನ್ನಿಸಬಹುದು. ಈ ಕಾಗದಗಳ ಕಥೆ ಓದು ಬರಹದ ಕಥೆಯೂ ಹೌದು. ಆದ್ದರಿಂದಲೇ ಈ ವಿಷಯವನ್ನು ಆರಿಸಿಕೊಂಡೆ.

1914ರಿಂದ 1918ರವರೆಗೆ ನಡೆದ ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಹೊರದೇಶಗಳಲ್ಲಿ ಸೇವೆ ಸಲ್ಲಿಸಿದರು. ಫ್ರಾನ್ಸಿಗೆ ಹೋದ ಸಿಪಾಯಿಗಳು 1915ರ ಹೊತ್ತಿಗೆ ವಾರಕ್ಕೆ 10ರಿಂದ 20 ಸಾವಿರ ಕಾಗದ ಬರೆಯುತ್ತಿದ್ದರು. ಆದರೆ 1911ರ ಜನಗಣತಿಯಂತೆ ಆಗ ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 6 ಮಂದಿ ಮಾತ್ರ ಅಕ್ಷರಸ್ಥರು. ಹೆಂಗಸರಲ್ಲಿ ನೂರಕ್ಕೆ ಒಬ್ಬರು. ಹಾಗಾದರೆ ಇಷ್ಟೊಂದು ಕಾಗದ ಬರೆದವರು ಯಾರು, ಓದಿದವರು ಯಾರು?

ಬಹುಪಾಲು ಸಿಪಾಯಿಗಳು ಬಾಯಲ್ಲಿ ಹೇಳುತ್ತಿದ್ದರು, ಬರೆಯಬಲ್ಲ ಜೊತೆಗಾರನೊಬ್ಬ ಬರೆದುಕೊಡುತ್ತಿದ್ದ. ಆಮೇಲೆ ಪಡೆಯ ಅಧಿಕಾರಿ ನೋಡುತ್ತಿದ್ದ. ಅಲ್ಲಿಂದ ಸೆನ್ಸಾರ್ ಕಚೇರಿ. ಫ್ರಾನ್ಸಿನ ಬೂಲೋನ್ ಬಂದರಿನಲ್ಲಿದ್ದ ಆ ಕಚೇರಿಯ ಮುಖ್ಯಸ್ಥ ಇ.ಬಿ. ಹೋವೆಲ್ ಎಂಬ ಬ್ರಿಟಿಷ್ ಅಧಿಕಾರಿ. ಉರ್ದು, ಹಿಂದಿ, ಗುರುಮುಖಿ ಕಾಗದಗಳಲ್ಲಿ ಆರಿಸಿದ ಭಾಗಗಳನ್ನು ಅಲ್ಲಿ ಇಂಗ್ಲಿಷಿಗೆ ತಿರುಗಿಸಿ, ಬೆರಳಚ್ಚು ಮಾಡಿಸಿ, ವರದಿಯೊಂದಿಗೆ ಮೇಲಿನವರಿಗೆ ಕಳಿಸಲಾಗುತ್ತಿತ್ತು. ಊರು ತಲುಪಿದ ಕಾಗದವನ್ನು ಅನೇಕ ಮನೆಗಳಲ್ಲಿ ಅಂಚೆಯವನೋ, ಮೇಷ್ಟರೋ, ಮಸೀದಿಯ ಹಜರತ್ತರೋ ಓದಿ ಹೇಳಬೇಕಾಗಿತ್ತು. ಗಂಡ ಹೆಂಡತಿಗೆ ಹೇಳಬೇಕಾದ ಒಂದು ಮಾತು ಇಷ್ಟು ಜನರ ಕಣ್ಣು, ಬಾಯಿಗಳನ್ನು ದಾಟಿ ಬರಬೇಕಿತ್ತು. ಹೀಗಿರುವಾಗ ಮನಸ್ಸಿನೊಳಗಿನ ಎಷ್ಟು ಮಾತು ಕಾಗದಕ್ಕೆ ಇಳಿದೀತು, ತಾವೇ ಯೋಚಿಸಿ.

ಸಿಪಾಯಿಗಳಿಗೆ ಇದು ಗೊತ್ತಿತ್ತು. ಆದ್ದರಿಂದ ಕೆಲವರು ಗುಟ್ಟಿನ ಮಾತಿನಲ್ಲಿ ಬರೆಸುತ್ತಿದ್ದರು. ಕರಿಮೆಣಸು ಎಂದರೆ ಭಾರತೀಯ ಸೈನಿಕರು, ಕೆಂಪು ಮೆಣಸು ಎಂದರೆ ಬಿಳಿಯ ಸೈನಿಕರು. ಕರಿಮೆಣಸು ಮುಗಿಯಿತು ಎಂದು ಬರೆದರೆ ನಮ್ಮವರು ಬಹಳ ಮಂದಿ ಸತ್ತರೆಂದು ಅರ್ಥ. ಸೆನ್ಸಾರಿನವರಿಗೆ ಈ ಗುಟ್ಟೂ ತಿಳಿದುಹೋಗಿತ್ತು.

ಇನ್ನೊಂದು ಬಗೆಯ ಕಾಗದಗಳೂ ಇವೆ. ಫ್ರಾನ್ಸಿನಲ್ಲಿ ಹೆಣ್ಣುಮಕ್ಕಳು ಶಾಲೆ ಕಲಿತು ಮನೆ, ಹೊಲ, ಅಂಗಡಿಗಳ ವ್ಯವಹಾರ ನೋಡಿಕೊಳ್ಳುವುದನ್ನು ಕಂಡ ಹಲವರು, ನಮ್ಮ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಸಹ, ಓದಿಸಿ ಎಂದು ಮನೆಗೆ ಬರೆಸಿದರು. ತಮ್ಮ ಕಾಗದವನ್ನು ತಾವೇ ಬರೆಯಲಾಗದವರು ಈ ಮಾತು ಹೇಳಿದ್ದಾರೆ. ಅದರ ತೂಕವೇ ಬೇರೆ.

ಸೆನ್ಸಾರ್ ಕಚೇರಿಯ ವರದಿಗಳು ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳಿಂದ ಆರಿಸಿದ ಕಾಗದಗಳ ಸಂಗ್ರಹವನ್ನು ಇತಿಹಾಸಕಾರ ಡೇವಿಡ್ ಒಮಿಸ್ಸಿಯವರು 1999ರಲ್ಲಿ ಪ್ರಕಟಿಸಿದರು. ಬೇಹುಗಾರಿಕೆಗೆಂದು ಮಾಡಿಸಿದ ಪ್ರತಿಯಿಂದ ಸಿಪಾಯಿಯ ಮಾತು ಉಳಿಯಿತು. ಆದರೆ ಉಳಿದದ್ದು ಇಂಗ್ಲಿಷಿನಲ್ಲಿ. ಅಲ್ಲದೆ ಆ ಕಾಗದಗಳಲ್ಲಿ ಹೆಚ್ಚಿನವು ಉತ್ತರ ಭಾರತದವರವು.

ನಮ್ಮ ಮೈಸೂರಿನವರು ಹೋದದ್ದು ಬೇರೆ ಕಡೆಗೆ. ಮೈಸೂರು ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ 1914ರಲ್ಲಿ ಈಜಿಪ್ಟಿಗೆ ಹೊರಟಿತು. ಅದರಲ್ಲಿ ಹಿಂದೂ ಸವಾರರೂ ಮುಸ್ಲಿಂ ಸವಾರರೂ ಇದ್ದರು. ಸೂಯೆಜ್ ಕಾಲುವೆಯನ್ನು ಕಾದ ಈ ದಳ, 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಿತು. ಎದುರಿನಲ್ಲಿದ್ದದ್ದು ಖಲೀಫರ ಸೈನ್ಯ. ನಮ್ಮ ಮುಸ್ಲಿಂ ಸವಾರನಿಗೆ ಅದು ಎಂತಹ ಇಕ್ಕಟ್ಟಿನ ಸ್ಥಿತಿಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನದು. ನಮ್ಮ ಬೆಂಗಳೂರಿನ ಜೆ.ಸಿ. ನಗರದಲ್ಲೂ ಲ್ಯಾನ್ಸರ್ಸ್ ಸ್ಮಾರಕವಿದೆ. ವಿದ್ಯಾರ್ಥಿಗಳು ಒಂದು ಭಾನುವಾರ ಹೋಗಿ ನೋಡಿಬರಬೇಕು.

ಎರಡನೆಯ ಮಹಾಯುದ್ಧದಲ್ಲಿ ಮೈಸೂರಿನ ಕಾಲಾಳುಪಡೆ ಸಿಂಗಪುರದಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರ ವಶವಾಗಿ ಸೈನಿಕರು ಸೆರೆಯಾದರು. 1945ರಲ್ಲಿ ಯುದ್ಧ ಮುಗಿಯುವವರೆಗೆ ಅನೇಕ ಮನೆಯವರು ಒಂದು ಕಾರ್ಡಿಗಾಗಿ ಬಾಗಿಲು ಕಾದರು.

ಆತ್ಮೀಯರೇ, ಕಲ್ಲಿನಲ್ಲಿ ಹೆಸರು ಸಿಗುತ್ತದೆ, ಮಾತು ಸಿಗುವುದಿಲ್ಲ. ಮಾತು ಇರುವುದು ಕಾಗದದಲ್ಲಿ. ಆ ಕಾಗದ ಇದ್ದರೆ ಅಜ್ಜಿಯ ಟ್ರಂಕಿನಲ್ಲಿ, ನಿಕಾಹನಾಮೆ, ಪೆನ್ಷನ್ ಪುಸ್ತಕಗಳ ನಡುವೆ ಇರುತ್ತದೆ. ಮನೆ ಬದಲಿಸುವಾಗ, ಸುಣ್ಣಬಣ್ಣ ಮಾಡಿಸುವಾಗ ರದ್ದಿಯವನ ಪಾಲಾಗುವುದೂ ಅದೇ. ಓದಲು ಬಾರದ ಲಿಪಿಯ ಕಾಗದವನ್ನು ಯಾರು ಉಳಿಸಿಕೊಳ್ಳುತ್ತಾರೆ?

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯಲ್ಲಿ, ನೆರೆಮನೆಯಲ್ಲಿ ಹಳೆಯ ಕಾಗದಗಳಿದ್ದರೆ ಹಿರಿಯರ ಅಪ್ಪಣೆ ಪಡೆದು ತೆಗೆಯಿರಿ. ಹರಿದಿದ್ದರೆ ಟೇಪು ಅಂಟಿಸಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಎರಡೂ ಬದಿಯ ಫೋಟೋ ತೆಗೆಯಿರಿ, ಲಕೋಟೆಯನ್ನೂ ಎಸೆಯಬೇಡಿ. ಯುದ್ಧಕಾಲದ ಅಂಚೆಮುದ್ರೆಯಲ್ಲಿ ಸಾಮಾನ್ಯವಾಗಿ ಊರಿನ ಹೆಸರಿರುತ್ತಿರಲಿಲ್ಲ, ಫೀಲ್ಡ್ ಪೋಸ್ಟ್ ಆಫೀಸಿನ ಸಂಖ್ಯೆ ಇರುತ್ತಿತ್ತು. ಸಿಪಾಯಿ ಎಲ್ಲಿದ್ದನೆಂದು ಹುಡುಕಲು ಅದೇ ಸುಳಿವು. ಉರ್ದು ಬಲ್ಲ ಹಿರಿಯರಿಂದ ಓದಿಸಿ, ಅವರ ದನಿಯನ್ನು ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡು ಕನ್ನಡದಲ್ಲಿ ಬರೆದಿಡಿ. ಮಡಿದವರ ಹೆಸರುಗಳನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಪಟ್ಟಿಯಲ್ಲಿ ಅಂತರ್ಜಾಲದ ಮೂಲಕ ಯಾರು ಬೇಕಾದರೂ ಹುಡುಕಬಹುದು.

ಒಂದು ಎಚ್ಚರಿಕೆಯ ಮಾತು. ಅದು ಪರರ ಕಾಗದ. ಮನೆಯವರು ಒಪ್ಪದ ಹೊರತು ಯಾರಿಗೂ ತೋರಿಸಬೇಡಿ. ಆ ಸಿಪಾಯಿಯ ಕಾಗದವನ್ನು ಅವನ ಅನುಮತಿಯಿಲ್ಲದೆ ಓದಿದವರು ಆಗಲೇ ಸಾಕಷ್ಟು ಮಂದಿ ಇದ್ದರು.

ಸಂಘದ ಹಿರಿಯರೇ, ಶಿಕ್ಷಣವೆಂದರೆ ನೌಕರಿ, ಸಂಬಳ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಅದು ಸರಿ. ಅದರ ಜೊತೆಗೆ, ತನ್ನ ಸುಖದುಃಖವನ್ನು ತನ್ನ ಕೈಯಲ್ಲೇ ಬರೆದು ತನ್ನವರಿಗೆ ತಲುಪಿಸುವ ಸ್ವಾತಂತ್ರ್ಯವೂ ಶಿಕ್ಷಣದಿಂದಲೇ ಬರುತ್ತದೆಂದು ಹೇಳೋಣ. ನಮ್ಮ ಮಕ್ಕಳನ್ನು ಓದಿಸಿ ಎಂದು ನೂರು ವರ್ಷಗಳ ಹಿಂದೆ ಕಂದಕದಲ್ಲಿ ಕುಳಿತು ಹೇಳಿ ಬರೆಸಿದವರ ಮಾತನ್ನು ನಡೆಸಿಕೊಡುವುದು ಇಂತಹ ಸಂಘಗಳ ಕೆಲಸ.